ಶೂಟಿಂಗ್‌ಗೆ ಮುಂಚೆ ಫೈಲು: ಹಾಸನದಲ್ಲಿ ಕೂತು ಟಿವಿ ಕಾರ್ಯಕ್ರಮದ ಹಕ್ಕು ಕಾಯುವ ಬಗೆ

ಕಾರ್ಯಕ್ರಮ ಮಾರಲು ಬೆಂಗಳೂರಿಗೆ ಹೋದಾಗ ಚಾನೆಲ್‌ನ ಕಾರ್ಯಕ್ರಮ ವಿಭಾಗದವರು ಎಪಿಸೋಡ್ ನೋಡುತ್ತಾರೆ, ಕಾನೂನು ವಿಭಾಗದವರು ಹಕ್ಕಿನ ಕಾಗದಗಳ ಫೈಲು ನೋಡುತ್ತಾರೆ. ಎಪಿಸೋಡ್ ಎಷ್ಟೇ ಚೆನ್ನಾಗಿದ್ದರೂ ಫೈಲು ಅರೆಬರೆ ಇದ್ದರೆ ವ್ಯವಹಾರ ನಿಲ್ಲುತ್ತದೆ, ಇಲ್ಲವೇ ಬೆಲೆ ಇಳಿಯುತ್ತದೆ. ಹಾಸನ, ಚಿಕ್ಕಮಗಳೂರು ಸೀಮೆಯ ಕಾಫಿ ತೋಟ, ದೇವಾಲಯ, ಜಾತ್ರೆ, ಜನಪದ ಮೇಳಗಳನ್ನು ನೆಚ್ಚಿಕೊಂಡ ಸಣ್ಣ ನಿರ್ಮಾಪಕರಿಗೆ ಈ ಫೈಲೇ ಆಸ್ತಿ. ಅದನ್ನು ನಾನು ಹೇಗೆ ಕಟ್ಟುತ್ತೇನೆ, ಎಲ್ಲಿ ಎಡವಟ್ಟಾಗುತ್ತದೆ ಎಂದು ಇಲ್ಲಿ ಬರೆದಿದ್ದೇನೆ.

ಮೊದಲ ಕಾಗದ ಕಥೆಯದು. ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ಹಸ್ತಾಂತರ ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ಹಣ ಎಂಬುದೂ ಅದರಲ್ಲಿರಬೇಕು. ನಾವು ಬರೆಯದೆ ಬಿಟ್ಟ ಜಾಗವನ್ನು ಕಾನೂನು ತಾನೇ ತುಂಬಿಕೊಳ್ಳುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಬೇರೆ ಮಾತು ಬರೆದುಕೊಳ್ಳದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಾಗ ಅದು ಬಿದ್ದುಹೋಗುತ್ತದೆ. 19(4)ರಲ್ಲಿರುವ ಈ ಒಂದು ವರ್ಷದ ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಕಥೆ ಕೊಂಡು, ಪ್ರಾಯೋಜಕರಿಗಾಗಿ ಕಾದು, ಹದಿನಾಲ್ಕನೇ ತಿಂಗಳಿಗೆ ಶೂಟಿಂಗ್ ಶುರು ಮಾಡುವುದು ನಮ್ಮ ಕಡೆ ಮಾಮೂಲು. ಆ ಹೊತ್ತಿಗೆ ಕೈಯಲ್ಲಿರುವ ಕಾಗದಕ್ಕೆ ಬೆಲೆ ಇರುವುದಿಲ್ಲ. ಅದಕ್ಕೇ ನನ್ನ ಕಥಾ ಒಪ್ಪಂದದಲ್ಲಿ '19(4)ರ ಅವಧಿ ಅನ್ವಯಿಸುವುದಿಲ್ಲ. 36 ತಿಂಗಳೊಳಗೆ ಚಿತ್ರೀಕರಣ ಆರಂಭವಾಗದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆ' ಎಂಬ ಸಾಲು ಇದ್ದೇ ಇರುತ್ತದೆ. ಲೇಖಕರಿಗೂ ಅದು ನ್ಯಾಯ.

'ಹಳೇ ಕಥೆ, ಯಾರು ಕೇಳುತ್ತಾರೆ' ಎಂಬ ಮಾತಿಗೆ ಕಿವಿಗೊಡಬೇಡಿ. ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತೀರಿಕೊಂಡದ್ದು 1991ರಲ್ಲಿ, ಅವರ ಬರಹಗಳ ಹಕ್ಕು 2051ರ ಕೊನೆಯವರೆಗೆ ಇರುತ್ತದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರದು 2007, ಹಾಗಾಗಿ 2067ರ ಕೊನೆ. ವಾರಸುದಾರರು ಇಬ್ಬರು ಮೂವರಿದ್ದರೆ ಒಬ್ಬರ ಸಹಿ ಸಾಲದು, ಎಲ್ಲರದೂ ಬೇಕು.

ಸಂಗೀತದ ಹಕ್ಕಿಗೆ ಹಣ ಕೊಟ್ಟ ದಿನವೇ ಒಂದು ತೆರಿಗೆಯೂ ಹುಟ್ಟುತ್ತದೆ. ಸಂಗೀತ ಸಂಯೋಜಕರು ತಮ್ಮ ಮೂಲ ಕೃತಿಯ ಹಕ್ಕನ್ನು ನಿರ್ಮಾಪಕರಿಗೆ ಕೊಟ್ಟಾಗ ಜಿಎಸ್‌ಟಿ ಕಟ್ಟಬೇಕಾದವರು ಪಡೆದುಕೊಂಡವರು, ಅಂದರೆ ನಾವು. ಇದಕ್ಕೆ ರಿವರ್ಸ್ ಚಾರ್ಜ್ ಅನ್ನುತ್ತಾರೆ. ₹50,000 ಕೊಟ್ಟರೆ 18%ರಂತೆ ₹9,000 ನಗದಾಗಿ ಕಟ್ಟಿ, ಆಮೇಲೆ ಇನ್‌ಪುಟ್ ಕ್ರೆಡಿಟ್ (ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟರ ವಜಾ) ತೆಗೆದುಕೊಳ್ಳಬೇಕು. ವಹಿವಾಟು ₹20 ಲಕ್ಷಕ್ಕಿಂತ ಕಡಿಮೆ ಇದ್ದರೆ ನೋಂದಣಿ ಬೇಡ ಎಂಬ ವಿನಾಯಿತಿ ಇಲ್ಲಿ ಕೈಹಿಡಿಯುವುದಿಲ್ಲ. ರಿವರ್ಸ್ ಚಾರ್ಜ್ ಕಟ್ಟಬೇಕಾದವರು ನೋಂದಣಿ ಮಾಡಿಸಲೇಬೇಕು. ಬಜೆಟ್ ಹಾಳೆಯಲ್ಲಿ ಇದಕ್ಕೊಂದು ಸಾಲು ಇಟ್ಟುಕೊಂಡಿರಿ.

ಎರಡನೆಯದು ತೆರೆಯ ಮೇಲೆ ಕಾಣುವವರ ಒಪ್ಪಿಗೆ ಪತ್ರ. ವೀರಗಾಸೆ ಮೇಳವನ್ನೋ ಸುಗ್ಗಿ ಕುಣಿತದ ತಂಡವನ್ನೋ ಕರೆಸಿದಾಗ ಮೇಳದ ಯಜಮಾನರ ಒಂದು ಸಹಿ ತೆಗೆದುಕೊಂಡು ಸುಮ್ಮನಾಗುವುದು ರೂಢಿ. ಅದು ಸಾಲದು, ಏಕೆಂದರೆ ಪ್ರದರ್ಶಕರ ಹಕ್ಕು ಒಬ್ಬೊಬ್ಬರಿಗೂ ಬೇರೆ ಬೇರೆ. ಲಿಖಿತ ಒಪ್ಪಂದದಲ್ಲಿ ಒಪ್ಪಿಕೊಂಡ ಕಲಾವಿದರು ಆಮೇಲೆ ನಿರ್ಮಾಪಕರ ಬಳಕೆಗೆ ಅಡ್ಡಿ ಮಾಡುವಂತಿಲ್ಲ ಎಂದು ಕೃತಿಸ್ವಾಮ್ಯ ಕಾಯ್ದೆಯ 38ಎ ಸೆಕ್ಷನ್ ಹೇಳುತ್ತದೆ. ಆ ರಕ್ಷಣೆ ಬರುವುದು ಸಹಿ ಹಾಕಿದವರ ಮಟ್ಟಿಗೆ ಮಾತ್ರ. ನಾನು ಒಂದೇ ಹಾಳೆಯ ಕನ್ನಡ ನಮೂನೆ ಇಟ್ಟುಕೊಂಡಿದ್ದೇನೆ. ಕಾರ್ಯಕ್ರಮದ ಹೆಸರು, ದಿನಾಂಕ, ಸ್ಥಳ, ಟಿವಿ ಮತ್ತು ಇಂಟರ್ನೆಟ್ ಎರಡರಲ್ಲೂ ಬಳಸುವ ಒಪ್ಪಿಗೆ, ಕೊಟ್ಟ ಗೌರವಧನ, ಹೆಸರು ಯಾವ ರೀತಿ ತೋರಿಸಬೇಕು, ಇಷ್ಟು. ಓದಲು ಬಾರದವರಿಗೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, 'ಓದಿ ಹೇಳಲಾಗಿದೆ' ಎಂದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸುತ್ತೇನೆ. ಅವರು ಹಾಳೆ ಹಿಡಿದುಕೊಂಡು ಮುಖ ಕಾಣುವಂತೆ ಒಂದು ಫೋಟೊ ಕೂಡ ತೆಗೆಯಿರಿ. ಎರಡು ವರ್ಷದ ಮೇಲೆ ಸಹಿ ಯಾರದು ಎಂದು ಗುರುತಿಸುವುದು ಆ ಫೋಟೊದಿಂದಲೇ. ಸಹಿಯನ್ನು ವೇಷ ಕಟ್ಟುವ ಮುಂಚೆ ಮಾಡಿಸಿ. ಕುಣಿದು ಸುಸ್ತಾದವರನ್ನು ರಾತ್ರಿ ಸಹಿಗೆ ನಿಲ್ಲಿಸಬಾರದು, ಅರ್ಧ ಜನ ಬಸ್ಸಿಗೆ ಹೊರಟುಬಿಟ್ಟಿರುತ್ತಾರೆ.

14 ವರ್ಷದೊಳಗಿನ ಮಕ್ಕಳಿದ್ದರೆ ಕಾಗದ ಇನ್ನೂ ಬಿಗಿ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಗಳ ಅನುಮತಿ ಮೊದಲೇ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿರಾಮವಿಲ್ಲದೆ 3 ಗಂಟೆ ದಾಟಬಾರದು, ಸತತ 27 ದಿನ ಮೀರಬಾರದು. ಮಗುವಿನ ಸಂಭಾವನೆಯಲ್ಲಿ ಕನಿಷ್ಠ 20% ಅನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಆ ರಸೀದಿಯ ಪ್ರತಿಯನ್ನೂ ಫೈಲಿಗೆ ಸೇರಿಸುತ್ತೇನೆ.

ಸ್ಥಳದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಖಾಸಗಿ ತೋಟದಲ್ಲಾದರೆ ಮಾಲೀಕರ ಪತ್ರ ಬೇಕು. ರೈಟರ್ (ತೋಟದ ಲೆಕ್ಕ ಬರೆಯುವವರು) ಅಥವಾ ಮ್ಯಾನೇಜರ್ ಸಹಿ ಸಾಲದು. ತೋಟದ ಬೋರ್ಡು, ಕಾಫಿ ಬ್ರ್ಯಾಂಡಿನ ಹೆಸರು ಕಾಣಬಹುದೇ ಎಂಬುದನ್ನೂ ಅದರಲ್ಲೇ ಬರೆಸಿ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಬೇಲೂರು, ಹಳೇಬೀಡು ದೇವಾಲಯಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಬೇಲೂರಿನಲ್ಲಿ ನಿತ್ಯಪೂಜೆ ಇರುವುದರಿಂದ ದೇವಾಲಯದ ಆಡಳಿತವನ್ನೂ ಕೇಳಿಯೇ ಒಳಗೆ ಹೋಗುತ್ತೇನೆ. ಭದ್ರಾ ಅಭಯಾರಣ್ಯದೊಳಗಾದರೆ ಅನುಮತಿ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಬರಬೇಕು, ಸ್ಥಳೀಯ ರೇಂಜರ್ ಬಾಯಿಮಾತು ನಡೆಯುವುದಿಲ್ಲ.

ಇನ್ನು ಸಂಗೀತ. ಫೈಲು ಅತಿ ಹೆಚ್ಚು ಸಲ ಸೋರುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು, ರಾಗಸಂಯೋಜನೆಯ ಹಕ್ಕು, ಧ್ವನಿಮುದ್ರಣದ ಹಕ್ಕು ಎಂದು ಮೂರು ಬೇರೆ ಬೇರೆ ಇವೆ. ಹಾಡಿದವರ, ನುಡಿಸಿದವರ ಹಕ್ಕು ಅದರ ಮೇಲೆ. ತಲೆಮಾರುಗಳಿಂದ ಬಂದ ಸುಗ್ಗಿ ಪದಕ್ಕೆ ಸಾಹಿತ್ಯದ ಒಡೆಯರು ಯಾರೂ ಇರಲಿಕ್ಕಿಲ್ಲ. ಆದರೆ ಅದನ್ನು ಯಾರೋ ಸ್ಟುಡಿಯೊದಲ್ಲಿ ಹಾಡಿಸಿ ಮುದ್ರಿಸಿದ್ದರೆ ಆ ಮುದ್ರಣಕ್ಕೆ ಒಡೆಯರಿದ್ದಾರೆ. ಜನಪದ ಎಂದು ಯೂಟ್ಯೂಬ್‌ನಿಂದ ಇಳಿಸಿಕೊಂಡು ಹಾಕಿದರೆ ಸಿಕ್ಕಿಬೀಳುತ್ತೀರಿ. ಊರಿನ ಹಾಡುಗಾರರನ್ನೇ ಕೂರಿಸಿ, ನಾವೇ ಮುದ್ರಿಸಿ, ಅವರ ಸಹಿ ಪಡೆದರೆ ಆ ಧ್ವನಿಮುದ್ರಣ ನಮ್ಮದಾಗುತ್ತದೆ. ಖರ್ಚು ಒಂದು ದಿನದ್ದು.

ಜಾತ್ರೆಯಲ್ಲಿ ಶೂಟಿಂಗ್ ಮಾಡುವಾಗ ಧ್ವನಿವರ್ಧಕದಿಂದ ಸಿನಿಮಾ ಹಾಡು ನಮ್ಮ ಮೈಕಿಗೆ ಬಂದು ಸೇರುತ್ತದೆ. ಹಿನ್ನೆಲೆಯಲ್ಲಿ ಆಕಸ್ಮಿಕವಾಗಿ ಬಂದರೆ ತಪ್ಪಿಲ್ಲ ಎಂಬ ವಿನಾಯಿತಿಯನ್ನು ಕೆಲವರು ಇಲ್ಲಿ ನಂಬಿಕೊಳ್ಳುತ್ತಾರೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನ ಆ ಮಾತು ಚಿತ್ರ, ಶಿಲ್ಪದಂಥ ಕಲಾಕೃತಿಗಳಿಗೆ ಬರೆದದ್ದು, ಹಾಡಿಗಲ್ಲ. ಹಾಡಿನ ಮೇಲೆಯೇ ಯಾರೋ ಮಾತಾಡಿದ್ದರೆ ಎಡಿಟಿಂಗ್‌ನಲ್ಲಿ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ. ಸಂದರ್ಶನವನ್ನು ಧ್ವನಿವರ್ಧಕದಿಂದ ದೂರ ಕರೆದೊಯ್ದು ಕಾಲರ್ ಮೈಕಿನಲ್ಲಿ ತೆಗೆಯುತ್ತೇವೆ. ಹಾಡು ನಿಂತ ಹೊತ್ತಿನಲ್ಲಿ ಜನರ ಗದ್ದಲ, ಗಂಟೆ, ಡೊಳ್ಳು ಮಾತ್ರ ಕನಿಷ್ಠ 5 ನಿಮಿಷ ಬೇರೆಯಾಗಿ ಮುದ್ರಿಸಿಕೊಳ್ಳುತ್ತೇವೆ. ಆ 5 ನಿಮಿಷ ಇಡೀ ಎಪಿಸೋಡನ್ನು ಕಾಪಾಡುತ್ತದೆ.

ಶೀರ್ಷಿಕೆ ಗೀತೆ ಬರೆಸುವಾಗ 'ರಾಯಲ್ಟಿಯನ್ನೂ ಬಿಟ್ಟುಕೊಟ್ಟಿದ್ದೇವೆ' ಎಂದು ಕವಿಯಿಂದ, ಸಂಯೋಜಕರಿಂದ ಬರೆಸಿಕೊಳ್ಳಬೇಡಿ. ಆ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಲ್ಲಿ ಅವರ ಸಮಪಾಲಿನ ರಾಯಲ್ಟಿಯನ್ನು ಹಾಗೆ ಬಿಡಿಸಿಕೊಂಡ ಒಪ್ಪಂದಕ್ಕೆ ಬೆಲೆಯಿಲ್ಲ. ಅವರು ಐಪಿಆರ್‌ಎಸ್ (ಕವಿ, ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಘ) ಸದಸ್ಯರೇ ಎಂದು ಮೊದಲೇ ಕೇಳಿ. ಸದಸ್ಯರಾಗಿದ್ದರೆ ಸಾರ್ವಜನಿಕ ಪ್ರಸಾರದ ಹಕ್ಕನ್ನು ಸಂಘಕ್ಕೆ ಆಗಲೇ ಕೊಟ್ಟಿರುತ್ತಾರೆ. ಅದನ್ನೇ ನಮಗೂ ಬರೆದುಕೊಟ್ಟರೆ ಎರಡು ಕಾಗದಗಳು ಹೊಡೆದಾಡುತ್ತವೆ. ಪ್ರತಿ ಎಪಿಸೋಡಿಗೂ ಕ್ಯೂ ಶೀಟ್, ಅಂದರೆ ಬಳಸಿದ ಸಂಗೀತದ ಪಟ್ಟಿ, ಬರೆಯಿರಿ. ಸಂಗೀತ ಶುರುವಾದ ಸಮಯ, ಮುಗಿದ ಸಮಯ, ಹೆಸರು, ಕವಿ, ಸಂಯೋಜಕರು, ಗಾಯಕರು, ಮುದ್ರಣದ ಒಡೆಯರು, ಹಿನ್ನೆಲೆಯೋ ತೆರೆಯ ಮೇಲೆ ಹಾಡಿದ್ದೋ, ಪರವಾನಗಿ ಸಂಖ್ಯೆ. ಇದನ್ನು ಎಡಿಟರ್ ಟೈಮ್‌ಲೈನ್ ಮುಂದೆ ಕೂತಿದ್ದಾಗಲೇ ತುಂಬಬೇಕು. ತಿಂಗಳಾದ ಮೇಲೆ ನೆನಪಿನಿಂದ ತುಂಬಿದರೆ ತಪ್ಪಾಗುತ್ತದೆ.

ಸ್ಟಾಕ್ ಸಂಗೀತದಲ್ಲಿ (ಮೊದಲೇ ಮಾಡಿಟ್ಟು ಇಂಟರ್ನೆಟ್‌ನಲ್ಲಿ ಪರವಾನಗಿಗೆ ಕೊಡುವ ಸಂಗೀತ) ಎರಡು ತಪ್ಪು ಪದೇ ಪದೇ ಕಾಣುತ್ತೇನೆ. ಒಂದು, ಎಡಿಟರ್ ತಮ್ಮ ಸ್ವಂತ ಖಾತೆಯಿಂದ ಇಳಿಸಿಕೊಂಡಿರುತ್ತಾರೆ, ಪರವಾನಗಿ ನಮ್ಮ ಸಂಸ್ಥೆಯ ಹೆಸರಿಗಿರುವುದಿಲ್ಲ. ಎರಡು, ಅವರು ಪಡೆದ ಪರವಾನಗಿ ಇಂಟರ್ನೆಟ್ ಬಳಕೆಗೆ ಮಾತ್ರ, ಟಿವಿ ಪ್ರಸಾರಕ್ಕಲ್ಲ. ಪ್ರತಿ ತುಣುಕಿನ ಪ್ರಮಾಣಪತ್ರವನ್ನು ಇಳಿಸಿಕೊಂಡ ದಿನವೇ ಪಿಡಿಎಫ್ ಮಾಡಿಟ್ಟುಕೊಳ್ಳಿ.

ಈಗ ಚಾನೆಲ್ ಜೊತೆಗಿನ ಒಪ್ಪಂದ. ಚಾನೆಲ್ ಹಣ ಕೊಟ್ಟು ನಮ್ಮಿಂದ ಮಾಡಿಸಿದ ಕಾರ್ಯಕ್ರಮಕ್ಕೆ, ಬೇರೆ ಮಾತು ಬರೆದಿಲ್ಲದಿದ್ದರೆ, 17ನೇ ಸೆಕ್ಷನ್ ಪ್ರಕಾರ ಚಾನೆಲ್ಲೇ ಮೊದಲ ಒಡೆಯ. ನಮ್ಮ ಹಣದಲ್ಲಿ ಮಾಡಿ ಪ್ರಸಾರದ ಹಕ್ಕು ಮಾತ್ರ ಕೊಟ್ಟರೆ ಒಡೆತನ ನಮ್ಮಲ್ಲೇ. ಕಾರ್ಯಕ್ರಮದ ಕೃತಿಸ್ವಾಮ್ಯ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 'ಎಲ್ಲ ಹಕ್ಕೂ, ಶಾಶ್ವತವಾಗಿ' ಎಂದು ಸಹಿ ಹಾಕಿದಾಗ ಕೊಟ್ಟದ್ದು ಆ ಪೂರಾ 60 ವರ್ಷ. ಕೈಗೆ ಬರುವ ಹಣ ಅದಕ್ಕೆ ಸಮನೇ ಎಂದು ಯೋಚಿಸಿ. ನಾನು ತುಂಡು ತುಂಡಾಗಿಯೇ ಕೊಡುತ್ತೇನೆ. ಕನ್ನಡದಲ್ಲಿ ಉಪಗ್ರಹ ಪ್ರಸಾರ, 3 ವರ್ಷ, 4 ಪ್ರಸಾರ. ಚಾನೆಲ್‌ನ ಆ್ಯಪ್‌ನಲ್ಲಿ ಪ್ರಸಾರದ ನಂತರ 30 ದಿನ. ಯೂಟ್ಯೂಬ್ ನಮ್ಮದು, ಆದರೆ ಮೊದಲ ಪ್ರಸಾರದಿಂದ 90 ದಿನ ಹಾಕುವುದಿಲ್ಲ. ಡಬ್ಬಿಂಗ್, ರೀಮೇಕ್, ಬಿಡಿ ದೃಶ್ಯಗಳ ಮಾರಾಟ ನಮ್ಮಲ್ಲೇ ಉಳಿಯುತ್ತದೆ. ಅವಧಿಯನ್ನು 'ಮೊದಲ ಪ್ರಸಾರದಿಂದ' ಎಂದಷ್ಟೇ ಬರೆದರೆ, ಅವರು ಪ್ರಸಾರ ಮಾಡದೆ ಕೂತರೆ ಗಡಿಯಾರ ಓಡುವುದೇ ಇಲ್ಲ. 'ಮೊದಲ ಪ್ರಸಾರ ಅಥವಾ ಡೆಲಿವರಿಯಾಗಿ 90 ದಿನ, ಯಾವುದು ಮೊದಲೋ ಅದು' ಎಂದು ಬರೆಸಿ. ಹಕ್ಕಿನ ತಕರಾರು ಬಂದಾಗ ಚಾನೆಲ್‌ಗೆ ನಾವು ಕೊಡಬೇಕಾದ ನಷ್ಟಭರ್ತಿಯ ಹೊಣೆಗೆ ಮಿತಿ ಇರಲಿ, ನಾವು ಪಡೆದ ಒಟ್ಟು ಹಣವನ್ನು ಅದು ಮೀರಬಾರದು. ವ್ಯಾಜ್ಯದ ನ್ಯಾಯಾಲಯ ಹಾಸನದ್ದೇ ಆಗಲಿ ಎಂದು ಹಠ ಹಿಡಿಯುವುದಿಲ್ಲ, ಬೆಂಗಳೂರು ಒಪ್ಪುತ್ತೇನೆ. ಮುಂಬೈ ಮಾತ್ರ ಬೇಡ. ಬಾಕಿ ಹಣಕ್ಕಿಂತ ಓಡಾಟದ ಖರ್ಚೇ ಹೆಚ್ಚಾಗುತ್ತದೆ.

ಬಿಲ್ಲು ಬರೆಯುವ ಕ್ರಮಕ್ಕೂ ಒಪ್ಪಂದದಲ್ಲೇ ದಾರಿ ಮಾಡಿಕೊಳ್ಳಬೇಕು. ಬಿಲ್ಲು ಹರಿದ ಮೇಲೆ ಹಣ ಬರಲಿ ಬಿಡಲಿ, ತಿಂಗಳ ರಿಟರ್ನ್ ಇದ್ದವರು ಮುಂದಿನ ತಿಂಗಳ 20ಕ್ಕೆ ಜಿಎಸ್‌ಟಿ ಕಟ್ಟಲೇಬೇಕು. ಹಣ ಪಾವತಿಯನ್ನು 'ಎಪಿಸೋಡ್ ತಾಂತ್ರಿಕ ತಪಾಸಣೆಯಲ್ಲಿ ಒಪ್ಪಿಗೆಯಾದಾಗ' ಎಂಬ ಘಟ್ಟಕ್ಕೆ ಕಟ್ಟಿ, ಆ ಒಪ್ಪಿಗೆಗೆ 10 ಕೆಲಸದ ದಿನಗಳ ಗಡುವು ಹಾಕಿ. ಅಷ್ಟರಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ. ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕೂಡ ನೋಡಿಕೊಳ್ಳಿ. ಪ್ರಸಾರಕ್ಕಾಗಿ ಕಾರ್ಯಕ್ರಮ ತಯಾರಿಸಿಕೊಡುವುದು ಆದಾಯ ತೆರಿಗೆ ಕಾನೂನಿನಲ್ಲಿ 'ಕೆಲಸ' ಎಂದೇ ಹೆಸರಿಸಿದ ಬಾಬತ್ತು. ಒಬ್ಬರೇ ಮಾಲೀಕರಾದರೆ 1%, ಪಾಲುದಾರಿಕೆ ಅಥವಾ ಕಂಪನಿಯಾದರೆ 2%. ₹1,00,000 ಬಿಲ್ಲಿಗೆ ₹18,000 ಜಿಎಸ್‌ಟಿ ಸೇರಿ ₹1,18,000 ಆದರೆ, ಜಿಎಸ್‌ಟಿಯನ್ನು ಬೇರೆ ಸಾಲಿನಲ್ಲಿ ತೋರಿಸಿದಾಗ ಕಡಿತ ₹1,00,000ದ ಮೇಲೆ ಮಾತ್ರ. ಪಾಲುದಾರಿಕೆ ಸಂಸ್ಥೆಗೆ ₹2,000 ಹೋಗಿ ₹1,16,000 ಕೈಗೆ ಬರಬೇಕು. ಬಿಲ್ಲಿನಲ್ಲಿ ತಯಾರಿಕೆಯನ್ನೂ ಹಕ್ಕಿನ ಶುಲ್ಕವನ್ನೂ ಒಂದೇ ಸಾಲಿಗೆ ತುರುಕಿದರೆ ಲೆಕ್ಕದವರು ಪೂರ್ತಿ ಮೊತ್ತಕ್ಕೆ ಹಕ್ಕಿನ ಶುಲ್ಕದ ದರವಾದ 10% ಹಿಡಿದುಬಿಡುತ್ತಾರೆ. ರಿಟರ್ನ್ ಸಲ್ಲಿಸಿ ವಾಪಸ್ ಪಡೆಯುವ ತನಕ ಆ ಹಣ ಸಿಕ್ಕಿಹಾಕಿಕೊಂಡಿರುತ್ತದೆ.

ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಮೊದಲ ಒಪ್ಪಂದಕ್ಕೆ ಮುಂಚೆಯೇ ಮಾಡಿಸಿ, ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಹಾಕಿ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಗರಿಷ್ಠ 45 ದಿನದೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಾಕಿ ಬೆಳೆದಾಗ 46ನೇ ದಿನ ಈ ಸೆಕ್ಷನ್ ನೆನಪಿಸಿ ಒಂದು ಮಿಂಚಂಚೆ ಕಳಿಸುತ್ತೇನೆ. ಸರ್ಕಾರದ ಪೋರ್ಟಲ್ಲಿನ ದೂರಿನ ತನಕ ಹೋಗುವ ಮುಂಚೆಯೇ ಹೆಚ್ಚಿನವು ಬಗೆಹರಿಯುತ್ತವೆ.

ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಆದರೆ ಸರಣಿಯ ಚಿತ್ರಕಥೆಗೆ ಮಾಡಿಸುತ್ತೇನೆ. ಸಾಹಿತ್ಯ ಕೃತಿಗೆ ₹500, ಚಲನಚಿತ್ರ ಎಂಬ ವರ್ಗಕ್ಕೆ ₹5,000. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು.

ಯೂಟ್ಯೂಬ್‌ಗೆ ಹಾಕಿದ ಮೇಲೆ ಬರುವ ವಿಚಿತ್ರ ತೊಂದರೆ ಎಂದರೆ ನಮ್ಮದೇ ಶೀರ್ಷಿಕೆ ಗೀತೆಗೆ ಬೇರೆಯವರ ಕ್ಲೇಮು. ಸಂಯೋಜಕರು ಅದೇ ಹಾಡನ್ನು ವಿತರಕರೊಬ್ಬರ ಮೂಲಕ ಆ್ಯಪ್‌ಗಳಿಗೆ ಬಿಟ್ಟು, ಕಂಟೆಂಟ್ ಐಡಿ (ಹಾಡನ್ನು ತಾನೇ ಗುರುತಿಸಿ ಕ್ಲೇಮು ಹಾಕುವ ಯೂಟ್ಯೂಬ್ ವ್ಯವಸ್ಥೆ) ಆಯ್ಕೆಗೂ ಟಿಕ್ ಹಾಕಿರುತ್ತಾರೆ. ವಿವಾದ ಸಲ್ಲಿಸಿದರೆ ಉತ್ತರಕ್ಕೆ ಅವರಿಗೆ 30 ದಿನ ಇರುತ್ತದೆ. ಹಾಗಾಗಿ ಸಂಯೋಜಕರ ಒಪ್ಪಂದದಲ್ಲೇ 'ಕಂಟೆಂಟ್ ಐಡಿಗೆ ನೋಂದಾಯಿಸುವಂತಿಲ್ಲ, ಅಥವಾ ನಿರ್ಮಾಪಕರ ಚಾನೆಲ್ಲನ್ನು ವಿನಾಯಿತಿ ಪಟ್ಟಿಗೆ ಸೇರಿಸಬೇಕು' ಎಂದು ಬರೆಸುತ್ತೇನೆ.

ಇಷ್ಟೂ ಕಾಗದ ಒಂದು ಹಕ್ಕಿನ ಪುಸ್ತಕದಲ್ಲಿ ಕೂಡುತ್ತದೆ. ಎಕ್ಸೆಲ್ ಹಾಳೆಯಲ್ಲಿ ಎಪಿಸೋಡಿಗೊಂದು ಸಾಲು, ಹಕ್ಕಿಗೊಂದು ಕಾಲಂ: ಯಾರಿಗೆ ಕೊಟ್ಟಿದೆ, ಎಂದಿನಿಂದ, ಎಂದಿನ ತನಕ, ಎಷ್ಟು ಪ್ರಸಾರ ಆಯಿತು. ಅವಧಿ ಮುಗಿಯಲು 90 ದಿನ ಇರುವಾಗ ಆ ಚೌಕ ಕೆಂಪಾಗುವಂತೆ ಹೊಂದಿಸಿದ್ದೇನೆ. ಮರುಮಾರಾಟದ ಮಾತುಕತೆ ಅಂದೇ ಶುರು. ಶೀರ್ಷಿಕೆ ಅಕ್ಷರಗಳಿಲ್ಲದ ಮಾಸ್ಟರ್ (ಅಂತಿಮ ಮೂಲ ಪ್ರತಿ), ಮಾತು ಬಿಟ್ಟು ಸಂಗೀತ ಮತ್ತು ಇತರ ಸದ್ದು ಮಾತ್ರ ಇರುವ ಧ್ವನಿ ಟ್ರ್ಯಾಕ್, ಈ ಎರಡನ್ನೂ ಮಾಸ್ಟರ್ ಜೊತೆಗೇ ತೆಗೆದಿಟ್ಟಿರಬೇಕು. ಅವಿಲ್ಲದೆ ಡಬ್ಬಿಂಗ್ ಹಕ್ಕು ಕೈಯಲ್ಲಿದ್ದರೂ ಮಾರುವುದು ಕಷ್ಟ. ಎರಡು ಹಾರ್ಡ್ ಡಿಸ್ಕ್: ಒಂದು ಆಫೀಸಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ಡಿಸ್ಕಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೂನ್‌ಗೆ ಮುಂಚೆ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ತೆರೆದು ಎಲ್ಲ ಫೈಲುಗಳೂ ಓಡುತ್ತವೆಯೇ ಎಂದು ನೋಡುತ್ತೇನೆ.