ಎರಡೂ ಕಡೆ ಸರಿ ಅನ್ನಿಸುವವರು ಚರ್ಚಾ ಸ್ಪರ್ಧೆಗೆ ನಿಲ್ಲುವುದು ಹೇಗೆ?

ಹಾಸನದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುವುದರ ಜೊತೆಗೆ ಅವರನ್ನು ಚರ್ಚಾ ಸ್ಪರ್ಧೆಗೆ ತಯಾರು ಮಾಡುವುದೂ ನನ್ನ ಪಾಲಿನ ಕೆಲಸ. ಪ್ರತಿ ವರ್ಷ ಯಾರಾದರೂ ಬಂದು, "ಮೇಡಂ, ನಂಗೆ ಇಬ್ರು ಹೇಳೋದೂ ಸರಿ ಅನ್ಸುತ್ತೆ, ಭಾಷಣಕ್ಕೆ ಬೇಕಾದ್ರೆ ಬರ್ತೀನಿ, ಚರ್ಚೆ ಬೇಡ" ಅನ್ನುತ್ತಾರೆ. ಪಟ್ಟಿಯಲ್ಲಿ ನಾನು ಮೊದಲು ಬರೆಯುವುದು ಅವರ ಹೆಸರನ್ನೇ. ಜಗಳಗಂಟರನ್ನು ಆಮೇಲೆ ನೋಡಿಕೊಂಡರಾಯಿತು.

ಯಾಕೆ ಅಂದರೆ, ನಮ್ಮ ಕಡೆಯ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಒಂದು ಕಾಲೇಜಿನಿಂದ ಇಬ್ಬರು. ಒಬ್ಬರು ಪರ, ಒಬ್ಬರು ವಿರೋಧ. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯಲ್ಲಂತೂ ವಿಷಯ ಗೊತ್ತಾಗುವುದೇ 15 ನಿಮಿಷ ಮುಂಚೆ. ಯಾವ ಕಡೆ ಮಾತಾಡಬೇಕು ಅನ್ನುವುದೂ ನಿಮ್ಮ ಕೈಲಿಲ್ಲ. ಒಂದೇ ಕಡೆಯನ್ನು ನಂಬಿಕೊಂಡು ಬಂದವನಿಗೆ ಎದುರು ಕಡೆ ಸಿಕ್ಕಿದರೆ ಬಾಯಿ ಕಟ್ಟಿಹೋಗುತ್ತದೆ.

ಆದರೆ ತಟಸ್ಥರಲ್ಲೂ ಎರಡು ಥರ ಇದ್ದಾರೆ. ನೀವು ಯಾವ ಥರ ಅಂತ ಮೊದಲು ನೋಡಿಕೊಳ್ಳಿ. ಊಟಕ್ಕೆ ಕೂತಾಗ ಯಾರೋ ಒಂದು ವಿಷಯದ ಬಗ್ಗೆ ಖಡಾಖಂಡಿತವಾಗಿ ಮಾತಾಡಿದರು ಅಂದುಕೊಳ್ಳಿ. "ಹೌದು, ಆದ್ರೆ..." ಅಂತ ನಿಮಗೆ ನಾಲಿಗೆ ತುದಿಗೆ ಬಂದರೆ ಚರ್ಚೆಗೆ ಬನ್ನಿ. "ಏನಾದ್ರೂ ಮಾಡ್ಕೊಳ್ಳಲಿ, ನಂಗೇನು" ಅನ್ನಿಸಿದರೆ ಅದು ತಟಸ್ಥತೆಯಲ್ಲ, ಬೇಜಾರು. ಅಂಥವರನ್ನು ನಾನು ಸುಮ್ನೆ ಕ್ವಿಜ್ ತಂಡಕ್ಕೆ ಕಳಿಸುತ್ತೇನೆ.

ಎರಡೂ ಕಡೆ ನೋಡುವವರು ವಾದಕ್ಕೆ ಲಾಯಕ್ಕಲ್ಲ ಅನ್ನುವವರನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಬೇಕು. ಗೊಮ್ಮಟನ ಬೆಟ್ಟಕ್ಕಲ್ಲ, ಎದುರಿನ ಚಿಕ್ಕಬೆಟ್ಟಕ್ಕೆ. ಅಲ್ಲಿ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಅನ್ನುವ ಶಾಸನ ಇದೆ. ಜೈನ ಆಚಾರ್ಯ ಸಮಂತಭದ್ರ ಪಾಟಲಿಪುತ್ರದಿಂದ ಕಂಚಿಯವರೆಗೆ ಊರೂರಲ್ಲಿ ಭೇರಿ ಬಾರಿಸಿ, ವಾದಕ್ಕೆ ಬನ್ನಿ ಅಂತ ಕರೆದದ್ದನ್ನು ಅದು ಹೇಳುತ್ತದೆ. ಯಾವುದನ್ನೂ ಒಂದೇ ಕಡೆಯಿಂದ ನೋಡಿ ತೀರ್ಮಾನ ಮಾಡಬೇಡಿ ಅನ್ನುವ ಅನೇಕಾಂತವಾದದ ಜನ ಇವರು. ಭೇರಿ ಬಾರಿಸಿದ್ದೂ ಇವರೇ ಅಲ್ವಾ?

ಈಗ ತಯಾರಿ. ಇಲ್ಲಿ ಮತ್ತೆ ಮತ್ತೆ ಬರುವ ವಿಷಯವನ್ನೇ ತೆಗೆದುಕೊಳ್ಳೋಣ: "ಕಾಡಾನೆಗಳನ್ನು ಹಿಡಿದು ಸ್ಥಳಾಂತರ ಮಾಡುವುದೇ ಪರಿಹಾರ." ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಮಕ್ಕಳು ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ. ಆನೆ ಯಾವ ತೋಟದಲ್ಲಿದೆ ಅಂತ ವಾಟ್ಸ್‌ಆ್ಯಪ್ ನೋಡಿಕೊಂಡು ಮನೆ ಬಿಡುವವರು ಅವರು.

ಹಾಳೆಯ ನಡುವೆ ಗೀಟು ಎಳೆದು, ಪರ ಒಂದು ಕಡೆ, ವಿರೋಧ ಒಂದು ಕಡೆ ಬರೆಯಿರಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ನಾನು ಗೀಟು ಎಳೆಸುವುದಿಲ್ಲ. ಒಂದು ಸಂಗತಿ ಬರೆಯಿರಿ, ಅದರ ಕೆಳಗೆ ಅದೇ ಸಂಗತಿಯನ್ನು ಎರಡು ಕಡೆಯವರೂ ಹೇಗೆ ಬಳಸುತ್ತಾರೆ ಬರೆಯಿರಿ. 2014ರಲ್ಲಿ ಆಲೂರು-ಸಕಲೇಶಪುರ ಭಾಗದಲ್ಲಿ 22 ಆನೆ ಹಿಡಿದರು. ವಿರೋಧದವರು "ಅಷ್ಟು ಹಿಡಿದರೂ ಹಾವಳಿ ನಿಂತಿಲ್ಲ" ಅನ್ನುತ್ತಾರೆ. ಪರದವರು "ಹಿಡಿಯಲು ಸಾಧ್ಯ ಅಂತ ಗೊತ್ತಾಯಿತಲ್ಲ, ಮುಂದುವರಿಸಿ" ಅನ್ನುತ್ತಾರೆ. 2023ರ ಡಿಸೆಂಬರ್ 4ರಂದು ಯಸಳೂರಿನ ಹತ್ತಿರ ಕಾರ್ಯಾಚರಣೆಯಲ್ಲಿ ಕಾಡಾನೆ ಜೊತೆ ಕಾದಾಡಿ ಅರ್ಜುನ ಸತ್ತ. ದಸರಾದಲ್ಲಿ 8 ಸಲ ಅಂಬಾರಿ ಹೊತ್ತ ಆನೆ. ವಿರೋಧದವರು "ಈ ದಾರಿಯೇ ಅಪಾಯ" ಅನ್ನುತ್ತಾರೆ. ಪರದವರು "ಅರ್ಜುನನೇ ಉಳಿಯದ ಕಡೆ ಕಾಫಿ ಕುಯ್ಯುವ ಹೆಂಗಸರು ಹೇಗೆ ಉಳಿಯುತ್ತಾರೆ?" ಅನ್ನುತ್ತಾರೆ. ಎದುರಾಳಿ ಏನು ಹೇಳುತ್ತಾನೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಬಿಸಿ ತಲೆಯವರಿಗೆ ಈ ಹಾಳೆ ತುಂಬಿಸುವುದು ಕಷ್ಟ, ನಿಮಗೆ ಸಲೀಸು.

ತೊಂದರೆ ಶುರುವಾಗುವುದು ಮೈಕ್ ಮುಂದೆ. ಒಳ್ಳೆಯ ಹಾಳೆ ಇಟ್ಟುಕೊಂಡ ಹುಡುಗಿಯೊಬ್ಬಳು ವಿರೋಧದ ಕಡೆ ನಿಂತು, "ಆನೆಗಳಿಗೂ ಬದುಕುವ ಹಕ್ಕಿದೆ, ಬೆಳೆಗಾರರಿಗೂ ಕಷ್ಟವಿದೆ, ಆದ್ದರಿಂದ ಎಲ್ಲರೂ ಯೋಚಿಸಬೇಕು" ಅಂದಳು. ತೀರ್ಪುಗಾರರು ಪೆನ್ನು ಕೆಳಗಿಟ್ಟರು. ಮುಂದಿನ ಸಲಕ್ಕೆ ಅದೇ ಮಾತನ್ನು ಹೀಗೆ ತಿದ್ದಿದೆವು: "ಬೆಳೆಗಾರರ ಕಷ್ಟ ನಿಜ. ನಮ್ಮ ಬಾಳೆ ತೋಟವೂ ಹೋಗಿದೆ. ಅದಕ್ಕೇ ಕೇಳುತ್ತೇನೆ, 22 ಆನೆ ಹಿಡಿದ ಮೇಲೂ ಆ ಬಾಳೆ ಯಾಕೆ ಉಳಿಯಲಿಲ್ಲ?" ಎದುರು ಕಡೆಯ ಒಂದು ಮಾತನ್ನು ಒಪ್ಪಿದಳು. ಒಂದನ್ನು ಮಾತ್ರ. ಒಪ್ಪಿದ ಮರುಕ್ಷಣ ತನ್ನ ಕಡೆಗೆ ತಿರುಗಿಸಿದಳು. ನಿಮ್ಮ ಭಾಷಣದಲ್ಲೂ ಇಂಥ ಒಪ್ಪಿಗೆ ಒಂದಕ್ಕಿಂತ ಜಾಸ್ತಿ ಬೇಡ. ಮೊದಲ ವಾಕ್ಯದಲ್ಲೇ ಯಾವ ಕಡೆ ಅಂತ ಹೇಳಿಬಿಡಿ. ವಾರ್ನಿಂಗ್ ಬೆಲ್ ಆದಾಗ ಹೇಳುವ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಇಲ್ಲದಿದ್ದರೆ ಸಮಯ ಮುಗಿಯುವ ಹೊತ್ತಿಗೆ ಮತ್ತೆ ನಡುವೆ ಬಂದು ನಿಲ್ಲುತ್ತೀರಿ.

ಧ್ವನಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಭಾಷಣದಲ್ಲಿ ಒಂದು ಜಾಗದಲ್ಲಿ ಏರಿಸಿದರೆ ಸಾಕು. ಎದುರಾಳಿ ಕೆಣಕಿದಾಗ ನಿಮಗೆ ಸಿಟ್ಟು ಬರದಿರುವುದೇ ದೊಡ್ಡ ಲಾಭ. ಆ ಹೊತ್ತಿನಲ್ಲಿ ಅವನ ಮಾತನ್ನು ಇದ್ದ ಹಾಗೆ ಬರೆದುಕೊಳ್ಳಿ. ಉತ್ತರ ಕೊಡುವ ಮುಂಚೆ ಅದನ್ನು ಅವನಿಗಿಂತ ಚೆನ್ನಾಗಿ ಹೇಳಿ. ನಮ್ಮ ಹಳೆಯ ಪಂಡಿತರು ಪೂರ್ವಪಕ್ಷ ಅಂತ ಮಾಡುತ್ತಿದ್ದದ್ದು ಇದನ್ನೇ. ಆಮೇಲೆ ನಿಮ್ಮ ಕಡೆಯ ವಾದವನ್ನೂ ನಿಲ್ಲಿಸಬೇಕು, ಬರೀ ಎದುರಿನವನ ಮಾತು ಕೆಡವುತ್ತಾ ಹೋದರೆ ವಿತಂಡವಾದ ಆಗುತ್ತದೆ.

ಅಭ್ಯಾಸ ಮಾಡುವಾಗ ಅರ್ಧಕ್ಕೆ ನಿಲ್ಲಿಸಿ ಪರ-ವಿರೋಧ ಅದಲು ಬದಲು ಮಾಡಿ. ಒಂದು ಎಚ್ಚರ, ಇದು ತರಬೇತಿ ಕೊಡುವವರಿಗೆ. ಆನೆ ತುಳಿತಕ್ಕೆ ಮನೆಯವರನ್ನು ಕಳೆದುಕೊಂಡ ಮಗುವಿಗೆ ಈ ವಿಷಯದಲ್ಲಿ ಚೀಟಿ ಎತ್ತಿಸಬೇಡಿ. ಅಲ್ಲಿ ತಟಸ್ಥವಾಗಿರು ಅಂತ ಕೇಳುವುದು ಕ್ರೂರ. ಅಂಥವರಿಗೆ ಎತ್ತಿನಹೊಳೆ ನೀರಿನ ಯೋಜನೆಯ ವಿಷಯ ಕೊಡಿ. ಸಕಲೇಶಪುರದ ಕಾಡು, ತೊರೆ ಹಾಳಾಯಿತು ಅನ್ನುವವರು ಒಂದು ಕಡೆ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕುಡಿಯುವ ನೀರಿಗೆ ಕಾಯುವವರು ಇನ್ನೊಂದು ಕಡೆ. ಹಾಳೆ ತುಂಬಿಸಲು ಅಲ್ಲೂ ಬೇಕಾದಷ್ಟಿದೆ.