ಗೋಲ್ಡ್ ಸ್ಟಾರ್ ರೇಸಿಗೆ ಇಳಿಯುವ ಮುನ್ನ: ಎಣ್ಣೆ, ಕಿಡಿ, ಪೆಟ್ರೋಲು, ಇದೇ ಕ್ರಮದಲ್ಲಿ

ಬಿಎಸ್‌ಎ ಗೋಲ್ಡ್ ಸ್ಟಾರ್ ಎಂಬ ಹಳೆಯ ಬ್ರಿಟಿಷ್ ಬೈಕು ಕೈಗೆ ಬಂದ ಕೂಡಲೇ ಬಹಳ ಮಂದಿ ಪೆಟ್ರೋಲು-ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಲು ಕೂರುತ್ತಾರೆ. ಎಣ್ಣೆ ಮತ್ತು ಕಿಡಿ ಎರಡೂ ಸರಿ ಎಂದು ಖಾತ್ರಿಯಾಗುವ ತನಕ ನಾನು ಅದನ್ನು ಮುಟ್ಟುವುದಿಲ್ಲ. ಈ ಎಂಜಿನ್ನಿನಲ್ಲಿ ಒಂದು ದೋಷ ಇನ್ನೊಂದರ ವೇಷ ಹಾಕಿಕೊಂಡು ಬರುತ್ತದೆ. ಎಂಜಿನ್ನಿನ ತಳದಲ್ಲಿ, ಅಂದರೆ ಸಂಪಿನಲ್ಲಿ, ಎಣ್ಣೆ ನಿಂತಿದ್ದರೆ ಹೊಗೆ ಬರುತ್ತದೆ, ಪಿಸ್ಟನ್ ರಿಂಗ್ ಸವೆದಿದೆ ಎಂದುಕೊಳ್ಳುತ್ತೇವೆ. ಕಿಡಿ ತಡವಾದರೆ ಎಂಜಿನ್ ವಿಪರೀತ ಕಾಯುತ್ತದೆ, ಪೆಟ್ರೋಲು ಸಾಲುತ್ತಿಲ್ಲ ಎಂದು ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ (ಪೆಟ್ರೋಲು ಹರಿಯುವ ಅಳತೆಯ ತೂತು) ಹಾಕುತ್ತೇವೆ. ಕ್ಲಚ್ ಜಾರಿದರೆ ಎಂಜಿನ್ನಿಗೆ ಶಕ್ತಿಯಿಲ್ಲ ಎಂದು ಹೆಡ್ ಎತ್ತುತ್ತೇವೆ. ಕ್ರಮ ತಪ್ಪಿ ಕೆಲಸ ಮಾಡಿದರೆ ಸರಿ ಇದ್ದ ಭಾಗವೂ ಹಾಳಾಗುತ್ತದೆ.

ಇಲ್ಲಿ ಹೇಳುವುದೆಲ್ಲ 1956ರಿಂದ 1963ರವರೆಗೆ ಬಂದ 500 ಸಿಸಿಯ ಡಿಬಿಡಿ34 ಮಾದರಿಯ ಬಗ್ಗೆ. ಬೋರ್ 85 ಮಿ.ಮೀ., ಸ್ಟ್ರೋಕ್ 88 ಮಿ.ಮೀ., ಒಟ್ಟು 499 ಸಿಸಿ. ಒಂದೇ ಸಿಲಿಂಡರ್, ಪುಶ್‌ರಾಡಿನಿಂದ ತೆರೆಯುವ ಎರಡು ವಾಲ್ವ್. ಬುಲೆಟ್ ಬಿಚ್ಚಿ ಜೋಡಿಸಿದ ಕೈಗೆ ಇದರೊಳಗೆ ಹೊಸದೇನೂ ಕಾಣುವುದಿಲ್ಲ. ಆದರೆ ಇದನ್ನು ನಿಮಿಷಕ್ಕೆ 7000 ಸುತ್ತಿನವರೆಗೆ ಓಡಿಸುತ್ತೇವೆ. ಆ ವೇಗದಲ್ಲಿ ಪಿಸ್ಟನ್ನಿನ ಸರಾಸರಿ ಓಟ ಸೆಕೆಂಡಿಗೆ 20.5 ಮೀಟರ್. ಬುಲೆಟ್ ಮನ್ನಿಸುವ ಸಣ್ಣ ತಪ್ಪುಗಳನ್ನು ಇದು ಮನ್ನಿಸುವುದಿಲ್ಲ.

ಮೊದಲು ಎಣ್ಣೆ. ಇದು ಡ್ರೈ ಸಂಪ್ ವ್ಯವಸ್ಥೆ. ಎಣ್ಣೆ ಪ್ರತ್ಯೇಕ ಟ್ಯಾಂಕಿನಲ್ಲಿರುತ್ತದೆ. ಪಂಪಿನ ಒಂದು ಜೋಡಿ ಗೇರು ಅದನ್ನು ಎಂಜಿನ್ನಿಗೆ ಕಳಿಸುತ್ತದೆ, ಇನ್ನೊಂದು ಜೋಡಿ ಕೆಳಗಿಳಿದದ್ದನ್ನು ಹೀರಿ ಟ್ಯಾಂಕಿಗೆ ಹಿಂತಿರುಗಿಸುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಟ್ಯಾಂಕಿನ ಎಣ್ಣೆ ತನ್ನ ಭಾರಕ್ಕೇ ಪಂಪಿನ ಮೂಲಕ ಸಂಪಿಗೆ ಇಳಿಯುತ್ತದೆ. ಅದನ್ನು ತಡೆಯಲು ದಾರಿಯಲ್ಲಿ ಒಂದು ಸಣ್ಣ ಉಕ್ಕಿನ ಗುಂಡು, ಅದರ ಹಿಂದೆ ಒಂದು ಸ್ಪ್ರಿಂಗ್ ಇದೆ. ಗುಂಡು ಕೂರುವ ಜಾಗ ಹಾಳಾಗಿದ್ದರೆ, ಅಥವಾ ಅಲ್ಲಿ ಒಂದು ಚೂರು ಕಸ ಸಿಕ್ಕಿಕೊಂಡಿದ್ದರೂ, ಎಣ್ಣೆ ಜಾರುತ್ತಲೇ ಇರುತ್ತದೆ. ಹೊಸ ಗುಂಡನ್ನು ಅದರ ಜಾಗದಲ್ಲಿಟ್ಟು, ಹಿತ್ತಾಳೆಯ ಕಡ್ಡಿ ಇಟ್ಟು ಸುತ್ತಿಗೆಯಿಂದ ಒಂದೇ ಒಂದು ಹದವಾದ ಪೆಟ್ಟು ಕೊಡುತ್ತೇನೆ. ಅಲ್ಯೂಮಿನಿಯಮ್ಮಿನಲ್ಲಿ ಗುಂಡಿನದೇ ಅಚ್ಚು ಬೀಳುತ್ತದೆ. ಸ್ಪ್ರಿಂಗನ್ನು ಎಳೆದು ಉದ್ದ ಮಾಡಲು ಹೋಗಬಾರದು. ಅದು ಬಿಗಿಯಾದರೆ ತಣ್ಣಗಿನ ದಪ್ಪ ಎಣ್ಣೆ ಗುಂಡನ್ನು ತಳ್ಳಲಾರದೆ ಬಿಗ್ ಎಂಡ್ (ಪಿಸ್ಟನ್ ರಾಡು ಕ್ರ್ಯಾಂಕಿಗೆ ಸೇರುವ ಬೇರಿಂಗ್) ಒಣಗುತ್ತದೆ.

ಇನ್ನೊಂದು ಗುಂಡು ಸಂಪಿನ ಹೀರು ಕೊಳವೆಯೊಳಗಿದೆ. ಇದನ್ನು ನೋಡುವವರೇ ಕಡಿಮೆ. ಎಂಜಿನ್ನಿನ ಅಡಿಯ ತಟ್ಟೆ ಬಿಚ್ಚಿ, ಸಣ್ಣ ತಂತಿಯಿಂದ ಆ ಗುಂಡನ್ನು ಮೆಲ್ಲಗೆ ಮೇಲೆತ್ತಿ ಬಿಟ್ಟರೆ ಅದು ತನ್ನ ತೂಕಕ್ಕೇ ಟಿಕ್ಕೆಂದು ಕೆಳಗೆ ಬೀಳಬೇಕು. ಅಂಟಿಕೊಂಡಿದ್ದರೆ ಎಣ್ಣೆ ಟ್ಯಾಂಕಿಗೆ ಮರಳುವುದೇ ಇಲ್ಲ.

ಎಣ್ಣೆ ಇಳಿಯದಂತೆ ಟ್ಯಾಂಕಿನ ಕೊಳವೆಗೆ ನಲ್ಲಿ ಕೂರಿಸುವವರಿದ್ದಾರೆ. ನಾನು ಕೂರಿಸುವುದಿಲ್ಲ. ನಲ್ಲಿ ಮುಚ್ಚಿದ್ದಾಗ ಕಿಡಿಯೇ ಹೊರಡದಂತೆ ಮ್ಯಾಗ್ನೆಟೊಗೆ, ಅಂದರೆ ಕಿಡಿಯ ವಿದ್ಯುತ್ ಹುಟ್ಟಿಸುವ ಯಂತ್ರಕ್ಕೆ, ಸ್ವಿಚ್ ಜೋಡಿಸಿದ್ದರೆ ಸರಿ, ಬರೀ ನಲ್ಲಿ ಮಾತ್ರ ಅಪಾಯ. ತೆರೆಯಲು ಒಮ್ಮೆ ಮರೆತರೆ ಎಂಜಿನ್ ಉಳಿಯುವುದಿಲ್ಲ. ನನ್ನ ಪದ್ಧತಿ ಸರಳ: ಗಾಡಿ ಎರಡು ದಿನಕ್ಕಿಂತ ಹೆಚ್ಚು ನಿಂತಿದ್ದರೆ ಸಂಪಿನ ಎಣ್ಣೆ ಬಸಿದ ಮೇಲೆಯೇ ಸ್ಟಾರ್ಟ್. ಸ್ಟಾರ್ಟ್ ಆದೊಡನೆ ಟ್ಯಾಂಕಿನ ಮುಚ್ಚಳ ತೆಗೆದು ಎಣ್ಣೆ ಮರಳುವುದನ್ನು ನೋಡುತ್ತೇನೆ. ಹೀರುವ ಗೇರಿನ ಸಾಮರ್ಥ್ಯ ಕಳಿಸುವ ಗೇರಿಗಿಂತ ಹೆಚ್ಚು, ಆದ್ದರಿಂದ ಎಣ್ಣೆ ಗಾಳಿಗುಳ್ಳೆಯೊಂದಿಗೆ ತೊದಲುತ್ತಾ ಬೀಳಬೇಕು. ಒಂದೇ ಧಾರೆಯಾಗಿ ಬೀಳುತ್ತಲೇ ಇದ್ದರೆ ಸಂಪು ಇನ್ನೂ ತುಂಬಿದೆ. ಅರ್ಧ ನಿಮಿಷವಾದರೂ ಏನೂ ಬೀಳದಿದ್ದರೆ ಎಂಜಿನ್ ನಿಲ್ಲಿಸಿಬಿಡಬೇಕು.

ಯಾವ ಎಣ್ಣೆ? ನಾವು ನೆತ್ತಿ ತಂಪಾಗಲೆಂದು ಹಚ್ಚಿಕೊಳ್ಳುವ ಹರಳೆಣ್ಣೆಯೇ ಬ್ರಿಟಿಷ್ ರೇಸಿಂಗಿನ ಹಳೆಯ ಎಣ್ಣೆಯೂ ಹೌದು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಕ್ಯಾಸ್ಟರ್‌ನಿಂದ. ಆ ಕಂಪನಿಯ ಆರ್40 ಈ ಎಂಜಿನ್ನುಗಳಿಗೆ ಹೇಳಿ ಮಾಡಿಸಿದಂತಿದೆ. ಲೋಹ ಎಷ್ಟೇ ಕಾದರೂ ಹರಳೆಣ್ಣೆಯ ಪದರ ಸುಲಭಕ್ಕೆ ಬಿಡುವುದಿಲ್ಲ. ರೇಸಿಗೆ ಗಾಡಿ ಸಿದ್ಧಪಡಿಸುವ ಪ್ಯಾಡಕ್ಕಿನಲ್ಲಿ ಆ ವಾಸನೆ ಎದ್ದಾಗ ಆಗುವ ಸಂತೋಷ ಬೇರೆ. ಆದರೆ ಮೂರು ಮಾತು ಗೊತ್ತಿರಬೇಕು. ಅದು ಖನಿಜ ಎಣ್ಣೆಯೊಂದಿಗೆ ಬೆರೆಯುವುದಿಲ್ಲ, ಬೆರೆಸಿದರೆ ಮಡ್ಡಿ ಕಟ್ಟಿ ದಾರಿಗಳು ಮುಚ್ಚಿಹೋಗುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬೇಕಿದ್ದರೆ ಎಂಜಿನ್, ಟ್ಯಾಂಕ್, ಕೊಳವೆ ಎಲ್ಲವನ್ನೂ ಬಿಚ್ಚಿ ತೊಳೆಯಬೇಕು. ಎರಡನೆಯದು, ಗಾಡಿ ನಿಂತಲ್ಲೇ ನಿಂತರೆ ಅದು ಅಂಟಾಗಿ ರಿಂಗುಗಳನ್ನು ಹಿಡಿದುಬಿಡುತ್ತದೆ. ಮೂರನೆಯದು, ಇಂಗ್ಲೆಂಡಿನ ಮಾರ್ಚ್ ತಿಂಗಳ ಬೆಳಗಿನಲ್ಲಿ ಅದು ಜೋನಿಬೆಲ್ಲದ ಹಾಗೆ ದಪ್ಪವಾಗಿರುತ್ತದೆ. ಡಬ್ಬಿಯನ್ನು ಬಿಸಿನೀರಲ್ಲಿ ಇಟ್ಟು ಹದ ಮಾಡಿ ಸುರಿಯಬೇಕು. ಪ್ರತಿ ಚಳಿಗಾಲದಲ್ಲೂ ಎಂಜಿನ್ ಬಿಚ್ಚುವವರಿಗೆ ಹರಳೆಣ್ಣೆ, ವರ್ಷಕ್ಕೆ ಎರಡು ಮೂರು ರೇಸಿಗೆ ಮಾತ್ರ ಇಳಿಯುವವರಿಗೆ ಎಸ್‌ಎಇ 50ರ ಒಳ್ಳೆಯ ಖನಿಜ ಎಣ್ಣೆ: ಇದು ನನ್ನ ಅಭಿಪ್ರಾಯ.

ಎರಡನೆಯದು ಕಿಡಿ. ಮ್ಯಾಗ್ನೆಟೊದ ಪಾಯಿಂಟ್ಸ್ (ತೆರೆದಾಗ ಕಿಡಿ ಹೊರಡಿಸುವ ಸಂಪರ್ಕ) ಗ್ಯಾಪ್ 12 ಥೌ, ಅಂದರೆ ಇಂಚಿನ ಸಾವಿರದ 12 ಭಾಗ, 0.30 ಮಿ.ಮೀ. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಅಂದರೆ ಕಿಡಿ ಬೀಳುವ ಕ್ಷಣ. ತಿರುಗಾಮುರುಗಾ ಮಾಡಿದರೆ ಕೂರಿಸಿದ ಟೈಮಿಂಗೇ ಬದಲಾಗುತ್ತದೆ. ಪ್ಲಗ್ಗಿನ ಗ್ಯಾಪ್ 18ರಿಂದ 20 ಥೌ. ಅದಕ್ಕಿಂತ ಹೆಚ್ಚಾದರೆ ಹಳೆಯ ಮ್ಯಾಗ್ನೆಟೊದ ಸುರುಳಿಗೆ ಶ್ರಮ.

ಪಿಸ್ಟನ್ ತೀರಾ ಮೇಲಿರುವ ಬಿಂದುವನ್ನು ಕಣ್ಣಂದಾಜಿನಲ್ಲಿ ಹಿಡಿಯಲಾಗದು, ಏಕೆಂದರೆ ಅಲ್ಲಿ ಕ್ರ್ಯಾಂಕ್ ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗುವುದಿಲ್ಲ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರಲ್ಲಿ ತುದಿ ಗುಂಡಗೆ ಉಜ್ಜಿದ ಬೋಲ್ಟ್ ಕೂರಿಸಿ ತಡೆ ಮಾಡಿಕೊಂಡಿದ್ದೇನೆ. ಅದನ್ನು ಪ್ಲಗ್ ತೂತಿಗೆ ಹಾಕಿ, ಕ್ರ್ಯಾಂಕಿಗೆ ಡಿಗ್ರಿ ಚಕ್ರ ಬಿಗಿದು, ಪಿಸ್ಟನ್ ಮೆಲ್ಲಗೆ ತಾಗುವವರೆಗೆ ಒಂದು ಕಡೆಗೆ ತಿರುಗಿಸಿ ಅಂಕಿ ಬರೆದುಕೊಳ್ಳುತ್ತೇನೆ. ಆಮೇಲೆ ಇನ್ನೊಂದು ಕಡೆಗೆ. ಎರಡರ ನಟ್ಟನಡುವೆ ಇರುವುದೇ ನಿಜವಾದ ಮೇಲಿನ ಬಿಂದು.

ಪಾಯಿಂಟ್ಸ್ ಯಾವಾಗ ತೆರೆಯಿತೆಂದು ತಿಳಿಯಲು ಬಜರ್ ಇರುವ ಮೀಟರ್ ನೆಚ್ಚಬಾರದು. ಮ್ಯಾಗ್ನೆಟೊದ ಒಳಸುರುಳಿಯ ರೋಧ ತೀರಾ ಕಡಿಮೆ, ಪಾಯಿಂಟ್ಸ್ ತೆರೆದರೂ ಬಜರ್ ಕೂಗುತ್ತಲೇ ಇರುತ್ತದೆ. ಸಿಗರೇಟ್ ಸುತ್ತುವ ತೆಳು ಕಾಗದವನ್ನು ಪಾಯಿಂಟ್ಸ್ ನಡುವೆ ಇಟ್ಟು ಎಳೆಯುತ್ತಿದ್ದರೆ ಅದು ಸಡಿಲವಾಗುವ ಕ್ಷಣವೇ ಕಿಡಿಯ ಕ್ಷಣ. ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ತಿರುಗಿಸುತ್ತಾ ನೋಡಬೇಕು, ಇಲ್ಲದಿದ್ದರೆ ಗೇರು ಹಲ್ಲುಗಳ ನಡುವಿನ ಸಡಿಲ ಲೆಕ್ಕ ತಪ್ಪಿಸುತ್ತದೆ. ಮ್ಯಾಗ್ನೆಟೊ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿ ಒಂದು ಡಿಗ್ರಿ ತಪ್ಪಿದರೆ ಕ್ರ್ಯಾಂಕಿನಲ್ಲಿ ಎರಡು. ಅದರ ಗೇರು ಕೂರುವ ಟೇಪರಿಗೆ ಕೀಲಿ ಇಲ್ಲ; ನಟ್ ಬಿಗಿಮಾಡುವಾಗಲೇ ಗೇರು ಜಾರಬಹುದು. ಬಿಗಿಮಾಡಿದ ಮೇಲೆ ಮತ್ತೊಮ್ಮೆ ಕಾಗದ ಇಟ್ಟು ನೋಡದೆ ಕವರ್ ಮುಚ್ಚುವುದಿಲ್ಲ. ಈಗಿನ ಪೆಟ್ರೋಲಿಗೆ ನಾನು ಪೂರ್ತಿ ಅಡ್ವಾನ್ಸಿನಲ್ಲಿ, ಅಂದರೆ ಕಿಡಿ ಅತಿ ಮುಂಚೆ ಬೀಳುವಂತೆ ಇಟ್ಟಾಗ, ಮೇಲಿನ ಬಿಂದುವಿಗೆ 36 ಡಿಗ್ರಿ ಮುಂಚಿನಿಂದ ಆರಂಭಿಸುತ್ತೇನೆ. ಹೆಚ್ಚಾದರೆ ಪಿಸ್ಟನ್ನಿನ ನೆತ್ತಿ ತೂತು ಬೀಳುತ್ತದೆ. ಕಡಿಮೆಯಾದರೆ ಎಕ್ಸಾಸ್ಟ್ ಪೈಪು ಕೆಂಪಗೆ ಕಾದು ವಾಲ್ವ್ ಸುಡುತ್ತದೆ.

ತಣ್ಣಗಿದ್ದಾಗ ಚೆನ್ನಾಗಿ ಹತ್ತಿ, ಕಾದ ಮೇಲೆ ಕೆಮ್ಮಿ ನಿಲ್ಲುವ ಎಂಜಿನ್ನಿನಲ್ಲಿ ನನ್ನ ಮೊದಲ ಅನುಮಾನ ಮ್ಯಾಗ್ನೆಟೊದೊಳಗಿನ ಕಂಡೆನ್ಸರ್ ಮೇಲೆ. ಅದನ್ನು ಬದಲಿಸಲು ಆರ್ಮೇಚರ್ ಹೊರತೆಗೆಯಬೇಕು, ಟ್ರ್ಯಾಕಿನಲ್ಲಿ ಆಗುವ ಕೆಲಸವಲ್ಲ.

ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗಗಳ ನಡುವಿನ ಗ್ಯಾಪ್, ಆ ವಿಷಯ ಬೇಗ ಮುಗಿಸುತ್ತೇನೆ. ಬುಲೆಟ್ಟಿನಲ್ಲಿ ಪುಶ್‌ರಾಡಿನ ಬುಡದಲ್ಲಿ ಸ್ಕ್ರೂ ಇದೆ. ಇಲ್ಲಿ ರಾಕರಿನ ಸ್ಪಿಂಡಲ್ಲೇ ಓರೆ ಕೇಂದ್ರದ್ದು, ಅದನ್ನು ತಿರುಗಿಸಿದರೆ ಗ್ಯಾಪ್ ಬದಲಾಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ನಟ್ ಬಿಗಿಸುವಾಗ ಸ್ಪಿಂಡಲ್ ತುಸು ತಿರುಗುತ್ತದೆ, ಆದ್ದರಿಂದ ಬಿಗಿಸಿದ ಮೇಲೆ ಅಳೆದದ್ದೇ ನಿಜವಾದ ಅಳತೆ.

ಈಗ ಕಾರ್ಬ್ಯುರೇಟರ್. ಒಂದೂವರೆ ಇಂಚಿನ ಅಮಾಲ್ ಜಿಪಿ. ಇದಕ್ಕೆ ಐಡ್ಲಿಂಗ್ (ಥ್ರಾಟಲ್ ಬಿಟ್ಟರೂ ಎಂಜಿನ್ ತಾನೇ ಓಡುವುದು) ಎಂಬುದಿಲ್ಲ, ನಿಂತಾಗ ಥ್ರಾಟಲ್ ಆಡಿಸುತ್ತಲೇ ಇರಬೇಕು. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಬಟ್ಟಲು ಬೇರೆಯಾಗಿ ತೂಗುತ್ತದೆ. ಅದರ ಮಟ್ಟದ ಗುರುತು ಕಾರ್ಬ್ಯುರೇಟರಿನ ಗುರುತಿಗೆ ಸರಿಯಾಗಿ ನಿಲ್ಲಬೇಕು, ಸವಾರ ಕೂತಾಗ ಗಾಡಿ ಹೇಗೆ ನಿಲ್ಲುತ್ತದೋ ಹಾಗೆ ನಿಲ್ಲಿಸಿಯೇ ನೋಡಬೇಕು. ಬಟ್ಟಲನ್ನು ರಬ್ಬರಿನ ಮೇಲೆ ಕೂರಿಸದಿದ್ದರೆ ಒಂಟಿ ಸಿಲಿಂಡರಿನ ನಡುಕಕ್ಕೆ ಪೆಟ್ರೋಲು ನೊರೆಯೆದ್ದು, ದೊಡ್ಡ ಜೆಟ್ ಹಾಕಿದರೂ ಎಂಜಿನ್ನಿಗೆ ಪೆಟ್ರೋಲು ಸಾಲದು. ಜೆಟ್ ಬದಲಾಯಿಸಿ ಬದಲಾಯಿಸಿ ಬೇಸತ್ತವರು ಮೊದಲು ಆ ರಬ್ಬರ್ ನೋಡಲಿ.

ಮೇನ್ ಜೆಟ್ಟನ್ನು ಬೇಕಾದ್ದಕ್ಕಿಂತ ದೊಡ್ಡದರಿಂದ ಶುರು ಮಾಡಿ ಹತ್ತತ್ತು ಅಂಕಿ ಇಳಿಸುತ್ತಾ ಬರುತ್ತೇನೆ. ಹೊಸ ಪ್ಲಗ್ ಹಾಕಿ, ಉದ್ದನೆಯ ನೇರದಲ್ಲಿ ಪೂರ್ತಿ ಥ್ರಾಟಲ್ ಹಿಡಿದು, ಕೊನೆಯಲ್ಲಿ ಒಟ್ಟಿಗೇ ಕ್ಲಚ್ ಹಿಡಿದು ಕಿಡಿ ಕಡಿದು ಉರುಳುತ್ತಾ ಬಂದು ಪ್ಲಗ್ ಬಿಚ್ಚಬೇಕು. ಸೀಸವಿಲ್ಲದ ಈಗಿನ ಪೆಟ್ರೋಲು ಪಿಂಗಾಣಿಯ ತುದಿಯಲ್ಲಿ ಬಣ್ಣ ಬಿಡುವುದೇ ಕಡಿಮೆ. ಭೂತಗನ್ನಡಿಯಲ್ಲಿ ಪಿಂಗಾಣಿಯ ಬುಡ ನೋಡಿ. ಅಲ್ಲಿ ಒಂದು ತೆಳು ಮಸಿ ಉಂಗುರ ಇರಬೇಕು. ಉಂಗುರವೇ ಇಲ್ಲದಿದ್ದರೆ ಮಿಶ್ರಣ ತೆಳು, ಕೂಡಲೇ ಎರಡು ಅಳತೆ ಮೇಲೆ ಹೋಗುತ್ತೇನೆ.

ಆಲ್ಕೊಹಾಲ್ ಇಂಧನದ ಆಸೆ ಕೆಲವರಿಗಿದೆ. ಗೋಲ್ಡ್ ಸ್ಟಾರ್ ಎಂಬ ಹೆಸರಿನ ಹಿಂದೆಯೂ ಅದೇ ಇಂಧನವಿದೆ. 1937ರ ಜೂನ್ 30ರಂದು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಸವಾರ ವಾಲ್ ಹ್ಯಾಂಡ್ಲಿ ಬಿಎಸ್‌ಎ ಎಂಪೈರ್ ಸ್ಟಾರ್ ಮೇಲೆ ಗಂಟೆಗೆ 107.57 ಮೈಲಿ ವೇಗದಲ್ಲಿ ಒಂದು ಸುತ್ತು ಹಾಕಿದರು. ಅಲ್ಲಿ ನೂರು ಮೈಲಿ ದಾಟಿದವರಿಗೆ ಸಿಗುತ್ತಿದ್ದ ಚಿನ್ನದ ನಕ್ಷತ್ರದ ಪದಕ ಅವರಿಗೆ ಬಂತು, ಮುಂದಿನ ವರ್ಷದ ಮಾದರಿಗೆ ಅದೇ ಹೆಸರಾಯಿತು. ಆ ಗಾಡಿ ಓಡಿದ್ದು ಆಲ್ಕೊಹಾಲಿನ ಮೇಲೆ. ಆದರೆ ಮೆಥನಾಲ್ ಎಂಬ ಆಲ್ಕೊಹಾಲಿಗೆ ಜೆಟ್ಟಿನ ಹರಿವು ಸುಮಾರು ಎರಡರಷ್ಟು ಬೇಕು, ಅದು ಸಿಲಿಂಡರಿನ ಎಣ್ಣೆಯನ್ನೂ ತೊಳೆದುಹಾಕುತ್ತದೆ. ರಸ್ತೆ ರೇಸಿಗೆ ನಾನು ಪೆಟ್ರೋಲನ್ನೇ ಒಪ್ಪುತ್ತೇನೆ.

ಗೇರ್‌ಬಾಕ್ಸ್ ಈ ಗಾಡಿಯ ವೈಭವವೂ ಹೌದು, ಕಷ್ಟವೂ ಹೌದು. ಆರ್‌ಆರ್‌ಟಿ2 ಎಂಬ ಗೇರ್‌ಬಾಕ್ಸಿನ ಒತ್ತೊತ್ತಾದ (ಅನುಪಾತಗಳು ಹತ್ತಿರ ಹತ್ತಿರವಿರುವ) ಗೇರುಗಳಲ್ಲಿ ಮೊದಲನೆಯದರಲ್ಲೇ ಗಂಟೆಗೆ 60 ಮೈಲಿಯ ಹತ್ತಿರ ಹೋಗಬಹುದು. ಹಾಗಾಗಿ ಹೊರಡುವಾಗ ಕ್ಲಚ್ಚನ್ನು ಬಹಳ ದೂರ ಜಾರಿಸಬೇಕಾಗುತ್ತದೆ. ಪ್ಲೇಟುಗಳು ಓರೆಯಾಗಿ ಎದ್ದರೆ ಆ ಬಿಸಿಗೆ ಬಾಗುತ್ತವೆ. ಕ್ಲಚ್ ಹಿಡಿದು ಕಿಕ್ಕರ್ ಮೆಲ್ಲಗೆ ಒತ್ತುತ್ತಾ ಹೊರತಟ್ಟೆ ತಿರುಗುವುದನ್ನು ನೋಡಿ, ಹೆಚ್ಚು ಹೊರಗೆ ಬರುವ ಕಡೆಯ ಸ್ಪ್ರಿಂಗ್ ನಟ್ಟನ್ನು ಅರ್ಧರ್ಧ ಸುತ್ತು ಬಿಗಿಮಾಡುತ್ತೇನೆ. ತಟ್ಟೆ ಓಲಾಡದೆ ತಿರುಗಬೇಕು. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿನ ಸಡಿಲ ಅದರ ಅತಿ ಬಿಗಿ ಜಾಗದಲ್ಲಿ ಅರ್ಧ ಇಂಚು. ಅದಕ್ಕಾಗಿ ಗೇರ್‌ಬಾಕ್ಸನ್ನೇ ಸರಿಸುವುದರಿಂದ ಹಿಂದಿನ ಚೈನನ್ನು ಯಾವಾಗಲೂ ಆಮೇಲೆಯೇ ಹೊಂದಿಸಬೇಕು.

ಸ್ಪ್ರಾಕೆಟ್ ಆರಿಸಲು ಕಾಗದ ಪೆನ್ಸಿಲ್ ಸಾಕು. ಟಾಪ್ ಗೇರಿನ ಒಟ್ಟು ಅನುಪಾತ 4.5, ಹಿಂದಿನ ಟೈರಿನ ಸುತ್ತಳತೆ 2.05 ಮೀಟರ್ ಎಂದಿಟ್ಟುಕೊಳ್ಳಿ. 7000ವನ್ನು 4.5ರಿಂದ ಭಾಗಿಸಿ 2.05ರಿಂದ ಗುಣಿಸಿದರೆ ನಿಮಿಷಕ್ಕೆ 3189 ಮೀಟರ್, ಗಂಟೆಗೆ 191 ಕಿ.ಮೀ. ಎಂಜಿನ್ ಸ್ಪ್ರಾಕೆಟ್ಟಿನ 20 ಹಲ್ಲು 19ಕ್ಕೆ ಇಳಿದರೆ ಅದೇ ಸುತ್ತಿಗೆ 182 ಕಿ.ಮೀ. ಇಂಗ್ಲೆಂಡಿನ ಕ್ಯಾಡ್‌ವೆಲ್ ಪಾರ್ಕ್ ಟ್ರ್ಯಾಕಿನ ಏರಿಳಿತ, ಇರುಕು ತಿರುವುಗಳಿಗೆ ಚಿಕ್ಕದೇ ಸರಿ. ಐಲ್ ಆಫ್ ಮ್ಯಾನ್ ದ್ವೀಪದ ರಸ್ತೆಗಳ ಮೇಲಿನ 37.73 ಮೈಲಿಯ ಮೌಂಟನ್ ಕೋರ್ಸಿಗೆ ದೊಡ್ಡದೇ ಬೇಕು, ಇಲ್ಲದಿದ್ದರೆ ಸಲ್ಬಿ ನೇರದಲ್ಲಿ ಎಂಜಿನ್ ಮಿತಿ ಮೀರಿ ಕಿರುಚುತ್ತದೆ. 1956ರಲ್ಲಿ ಬರ್ನಾರ್ಡ್ ಕಾಡ್ ಒಂದೇ ವರ್ಷ ಜೂನಿಯರ್, ಸೀನಿಯರ್ ಎರಡೂ ಕ್ಲಬ್‌ಮನ್ಸ್ ಟಿಟಿ ರೇಸುಗಳನ್ನು ಗೆದ್ದದ್ದು ಇದೇ ಕೋರ್ಸಿನಲ್ಲಿ, ಗೋಲ್ಡ್ ಸ್ಟಾರ್‌ಗಳ ಮೇಲೆ. ಒಂದು ಸುತ್ತಿನಲ್ಲೇ ಸಮುದ್ರಮಟ್ಟದಿಂದ ಬೆಟ್ಟದ ನೆತ್ತಿಗೆ ಹತ್ತಿ ಇಳಿಯುವ ಆ ದಾರಿಯಲ್ಲಿ ಈ ಒತ್ತು ಗೇರುಗಳ ಬೆಲೆ ತಿಳಿಯುತ್ತದೆ.

ಬ್ರೇಕಿಗೆ ಎರಡೇ ಮಾತು. ಡ್ರಮ್ಮನ್ನು ಚಕ್ರದ ಕಡ್ಡಿ (ಸ್ಪೋಕ್) ಕಟ್ಟಿ ಬಿಗಿದ ಮೇಲೆ ಲೇತಿಗೆ ಹಾಕಬೇಕು, ಏಕೆಂದರೆ ಕಡ್ಡಿಗಳ ಎಳೆತಕ್ಕೆ ಡ್ರಮ್ ಸೊಟ್ಟಗಾಗುತ್ತದೆ. ಲೈನಿಂಗಿನ ಮುಂಚೂಣಿ ಅಂಚನ್ನು ಓರೆಯಾಗಿ ಉಜ್ಜದಿದ್ದರೆ ಬ್ರೇಕು ಕಚ್ಚಿ ಹಿಡಿಯುತ್ತದೆ. ಚಕ್ರ ಹಾಕುವಾಗ ಸ್ಪಿಂಡಲ್ ಸಡಿಲ ಬಿಟ್ಟು, ಬ್ರೇಕ್ ಜೋರಾಗಿ ಹಿಡಿದು, ಹಾಗೆಯೇ ಸ್ಪಿಂಡಲ್ ಬಿಗಿಸಿದರೆ ಶೂಗಳು ಡ್ರಮ್ಮಿನ ನಡುವೆ ಕೂರುತ್ತವೆ. ಕಾದಾಗ ಡ್ರಮ್ ಹಿಗ್ಗಿ ಲಿವರ್ ಹ್ಯಾಂಡಲಿನತ್ತ ಹೋಗುತ್ತದೆ. ಹೊಂದಿಸುವುದನ್ನು ಅಭ್ಯಾಸದ ಸುತ್ತು ಮುಗಿಸಿ ಬಂದೊಡನೆ, ಬಿಸಿಯಲ್ಲೇ ಮಾಡುತ್ತೇನೆ.

ರೇಸಿನ ದಿನ ಬಿಸಿ ಮಾಡಲು ಬೇರೆಯೇ ಪ್ಲಗ್ ಹಾಕುತ್ತೇನೆ. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಂಪು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ; ತಂಪು ಪ್ಲಗ್ಗಿನಲ್ಲಿ ತಣ್ಣಗಿನ ಎಂಜಿನ್ ಬಿಸಿ ಮಾಡಿದರೆ ಅದು ಎಣ್ಣೆ ಹಿಡಿದು ಸಾಯುತ್ತದೆ. ಎಣ್ಣೆ ಟ್ಯಾಂಕು ಕೈಗೆ ಬೆಚ್ಚಗಾಗುವ ತನಕ 3000 ಸುತ್ತು ದಾಟಿಸುವುದಿಲ್ಲ. ಆಮೇಲೆ ರೇಸಿನ ಪ್ಲಗ್, ಎಣ್ಣೆ ಬಸಿಯುವ ಬೋಲ್ಟುಗಳು ಸಡಿಲವಾಗದಂತೆ ಕಟ್ಟಿದ ತಂತಿ ಇನ್ನೊಮ್ಮೆ ಪರೀಕ್ಷೆ. ತಂತಿ ಬೋಲ್ಟನ್ನು ಬಿಗಿಯಾಗುವ ದಿಕ್ಕಿಗೇ ಎಳೆಯುತ್ತಿರಬೇಕು.

ಸಂಜೆ, ಎಣ್ಣೆ ಬಿಸಿ ಇರುವಾಗಲೇ ಬಸಿದು, ಸಂಪಿನ ಜಾಲರಿಯನ್ನು ಬಿಳಿ ಬಟ್ಟೆಯ ಮೇಲೆ ತಟ್ಟುತ್ತೇನೆ. ಬೂದು ಬಣ್ಣದ ಮೃದು ಪುಡಿ ಪಿಸ್ಟನ್ನಿನದು, ತುಸು ಇದ್ದರೆ ಚಿಂತೆಯಿಲ್ಲ. ಹಿತ್ತಾಳೆ ಬಣ್ಣದ ಹೊಳಪು ಕಂಡರೆ ಸ್ಮಾಲ್ ಎಂಡ್ ಬುಶ್ (ರಾಡು ಪಿಸ್ಟನ್ನಿಗೆ ಸೇರುವ ಕಡೆಯದು) ನೋಡಬೇಕು. ಅಯಸ್ಕಾಂತಕ್ಕೆ ಅಂಟುವ ಚಪ್ಪಟೆ ಚಕ್ಕೆ ಒಂದೇ ಒಂದು ಸಿಕ್ಕರೂ ಅದು ಬಿಗ್ ಎಂಡ್ ರೋಲರಿನದೋ ಅದು ಓಡುವ ದಾರಿಯದೋ ಇರಬಹುದು. ಆ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡದೆ ಬಿಚ್ಚುತ್ತೇನೆ.