ಚಾಟಿಯಲ್ಲಿ ಎತ್ತಿದ ಬುಗುರಿ

ಚಿಕ್ಕವನಿದ್ದಾಗ ಹಾವೇರಿಯಲ್ಲಿ ನನಗೆ ಬರುತ್ತಿದ್ದದ್ದು ಗುನ್ನ ಹೊಡೆಯೋದು, ಅಂದರೆ ನಮ್ಮ ಬುಗುರಿಯ ಮೊಳೆಯಿಂದ ಇನ್ನೊಬ್ಬರ ಬುಗುರಿಗೆ ಕುಕ್ಕೋದು ಮಾತ್ರ. ನೆಲದಲ್ಲಿ ತಿರುಗುತ್ತಿರುವ ಬುಗುರಿಯನ್ನು ಚಾಟಿಯಿಂದಲೇ ಎತ್ತಿ ಅಂಗೈಗೆ ಹಾರಿಸುವುದು ದೊಡ್ಡ ಹುಡುಗರ ವಿದ್ಯೆ. ಅದನ್ನು ಕಲಿತದ್ದು ಹೋದ ವರ್ಷ, ಪುಣೆಯಲ್ಲಿ, 42ನೇ ವಯಸ್ಸಿಗೆ.

ಮಗಳ ಜೊತೆ ಇಲ್ಲಿನ ತುಳಶಿಬಾಗ್ ಮಾರುಕಟ್ಟೆಗೆ ಹೋದಾಗ ಮರದ ಬುಗುರಿ ಕಣ್ಣಿಗೆ ಬಿತ್ತು. ಇಲ್ಲಿ ಅದಕ್ಕೆ ಭೋವರಾ, ಚಾಟಿಗೆ ಜಾಳಿ ಅಂತಾರೆ. ಅವಳಿಗೆ ಅಂತ ಹೇಳಿ ನನಗೇ ತಗೊಂಡೆ.

ಹೊಸ ಬುಗುರಿಯ ಮೊಳೆ ಸ್ವಲ್ಪ ಓರೆಯಾಗಿತ್ತು. ಬಿಟ್ಟರೆ ತಿರುಗುವ ಬದಲು ಕುಣಿಯುತ್ತಿತ್ತು. ಮೆಲ್ಲಗೆ ತಟ್ಟಿ ನೇರ ಮಾಡಿ, ತುದಿಯನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿದೆ. ಈ ಕೆಲಸ ಬಿಡಬೇಡಿ, ಚೂಪು ಮೊಳೆ ಅಂಗೈಯಲ್ಲಿ ತಿರುಗಿದರೆ ಗೊತ್ತಾಗುತ್ತದೆ! ಜೊತೆಗೆ ಬಂದಿದ್ದ ನೈಲಾನ್ ದಾರ ಜಾರುತ್ತಿತ್ತು. ಹತ್ತಿಯ ಹುರಿ ಹಾಕಿದೆ. ತುದಿ ಒದ್ದೆ ಮಾಡಿ ಸುತ್ತಿದರೆ ಗಟ್ಟಿ ಕೂರುತ್ತದೆ.

ಪಾರ್ಕಿಂಗ್ ಟೈಲ್ಸ್ ಮೇಲೆ ಗೀರು ಬೀಳುತ್ತದೆ ಅಂತ ಗಲಾಟೆಯಾಯಿತು. ಹಳೇ ಪ್ಲೈವುಡ್ ಹಾಸಿಕೊಂಡೆ.

ಎತ್ತುವುದು ಮಾತ್ರ ಬರಲೇ ಇಲ್ಲ. ಬುಗುರಿ ಬಿಟ್ಟು, ಚಾಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಳೆಗೆ ಒಂದು ಸುತ್ತು ಹಾಕಿ ಎಳೆದರೆ ಬುಗುರಿ ದಪ್ಪಂತ ಬೀಳುತ್ತಿತ್ತು. ಹದಿನೈದು ದಿನ ಇದೇ ಕಥೆ. ಪಕ್ಕದ ಬಿಲ್ಡಿಂಗ್‌ನಲ್ಲಿ ವಿಜಯಪುರದ ಕಾಕಾ ಒಬ್ಬರಿದ್ದಾರೆ. ದಿನಾ ನಿಂತು ನೋಡುತ್ತಿದ್ದವರು ಕೊನೆಗೆ ತಡೆಯಲಾರದೆ ಅಂದರು:

"ತಮ್ಮಾ, ಅದರ ಕುತ್ತಿಗಿ ಯಾಕ ಹಿಸುಕ್ತೀ? ಸಡ್ಲ ಬಿಡು. ಎತ್ತೂ ಮುಂದಷ್ಟ ಜಗ್ಗು."

ತಪ್ಪು ಅದೇ. ಸುತ್ತು ಬಿಗಿಯಾಗಿದ್ದರೆ ಹುರಿ ಮೊಳೆಗೆ ಉಜ್ಜಿ, ಎತ್ತುವ ಮೊದಲೇ ವೇಗವೆಲ್ಲ ಇಳಿದುಹೋಗುತ್ತದೆ. ವೇಗ ಇಳಿದ ಬುಗುರಿ ವಾಲದೆ ಇನ್ನೇನು ಮಾಡೀತು? ಈಗ ಸುತ್ತನ್ನು ಸಡಿಲವಾಗಿ ಹಾಕುತ್ತೇನೆ. ಬುಗುರಿ ಅಲ್ಲಾಡದೆ ನಿಂತಂತೆ ಕಾಣುವ ಹೊತ್ತಿಗೆ ಎರಡೂ ಕೈಯನ್ನು ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ, ಒಂದೇ ಸಲ ಜಗ್ಗುತ್ತೇನೆ. ಹುರಿ ನೆಟ್ಟಗಾಗುತ್ತಲೇ ಬುಗುರಿ ಮೇಲಕ್ಕೆ ಹಾರುತ್ತದೆ. ಆಗ ಬಲಗೈಯಲ್ಲಿರುವ ಹುರಿಯ ತುದಿ ಬಿಟ್ಟು ಅಂಗೈ ಒಡ್ಡಬೇಕು. ಕೈಯನ್ನು ಬುಗುರಿಯ ಜೊತೆಗೇ ತುಸು ಕೆಳಗೆ ಇಳಿಸಿದರೆ ಪುಟಿದು ಹೋಗುವುದಿಲ್ಲ.

ಮೊದಲ ಸಲ ಕೂತಾಗ ಮೊಳೆ ಅಂಗೈಯಲ್ಲಿ ಗುಯ್ ಅಂತ ಕಚಗುಳಿ ಇಟ್ಟಿತು. ನಕ್ಕುಬಿಟ್ಟೆ, ಬುಗುರಿ ಬಿತ್ತು.

ಈಗ ಹತ್ತರಲ್ಲಿ ಆರೇಳು ಸಲ ಬರುತ್ತದೆ. ಜಪಾನಿನ ಹಕಾತಾ ಬುಗುರಿಯವರು ಎಳೆದು ಹಿಡಿದ ದಾರದ ಮೇಲೆ, ಕತ್ತಿಯ ಅಂಚಿನ ಮೇಲೆ ಬುಗುರಿ ಓಡಿಸುತ್ತಾರೆ. ಕತ್ತಿ ಬೇಡ, ದಾರದ ಮೇಲೆ ಒಂದು ಗೇಣು ಓಡಿಸೋಣ ಅಂತ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಎರಡು ಬೆರಳು ದಾಟಿಲ್ಲ. ಕಾಕಾ ಮಾತ್ರ "ಇನ್ನೂ ಬಿಗೀ ಹಿಡದೀ" ಅಂತಲೇ ಇದ್ದಾರೆ.